ಜಿಯಾವ್‌ಝಿ ಒಡೆದರೆ ‘ಒಡೆಯಿತು’ ಅನ್ನಬಾರದು

ಯುಗಾದಿಯ ಬೇವು ಬೆಲ್ಲದ ಅರ್ಥ ನಾಲಿಗೆಗೆ ತಿಳಿಯುತ್ತದೆ. ಚೀನೀ ಹೊಸವರ್ಷದ ಊಟದ ಅರ್ಥ ಬಹುಪಾಲು ಕಿವಿಗೆ ತಿಳಿಯುವಂಥದ್ದು. ಚೀನೀ ಭಾಷೆಯಲ್ಲಿ ಒಂದೇ ಉಚ್ಚಾರದ ಪದಗಳು ಹೇರಳ. ಮೀನಿಗೂ ‘ಯೂ’, ಮಿಕ್ಕಿದ್ದಕ್ಕೂ ‘ಯೂ’. ಹಾಗಾಗಿ ವರ್ಷದ ಕೊನೆಯ ರಾತ್ರಿ ಮೀನು ಬಡಿಸಿದರೆ ‘ನಿಯಾನ್ ನಿಯಾನ್ ಯೊವ್ ಯೂ’, ವರ್ಷ ವರ್ಷವೂ ಮನೆಯಲ್ಲಿ ಮಿಗಲಿ ಎಂದು ಹಾರೈಸಿದಂತೆ. ಮಿಗಬೇಕಾದ್ದರಿಂದ ಮೀನನ್ನು ಪೂರ್ತಿ ಖಾಲಿ ಮಾಡುವುದಿಲ್ಲ. ಮರುದಿನಕ್ಕೆ ಸ್ವಲ್ಪ ಉಳಿಸುತ್ತಾರೆ. ತಲೆ, ಬಾಲ ಕತ್ತರಿಸುವುದೂ ಇಲ್ಲ. ಹಿಡಿದ ಕೆಲಸಕ್ಕೆ ಆರಂಭವೂ ಇರಬೇಕು, ಕೊನೆಯೂ ಇರಬೇಕು. ಕಡಲ ದಂಡೆಯ ಮೀನುಗಾರರ ಮನೆಗಳಲ್ಲಿ ತಟ್ಟೆಯ ಮೀನನ್ನು ಮಗುಚುವುದಿಲ್ಲ, ದೋಣಿ ಮಗುಚೀತು ಎಂದು. ಮೇಲಿನ ಮಾಂಸ ಮುಗಿದ ಮೇಲೆ ಮುಳ್ಳನ್ನೇ ಎತ್ತಿ ತೆಗೆಯುತ್ತಾರೆ.

ಇಡೀ ಮೀನು ಹಬೆಯಲ್ಲಿ ಕೆಡುವುದು ಎರಡು ಕಾರಣಕ್ಕೆ. ನೀರು ಕುದಿಯುವ ಮೊದಲೇ ಇಟ್ಟರೆ ಮಾಂಸ ಹಿಟ್ಟುಹಿಟ್ಟಾಗುತ್ತದೆ. ತಟ್ಟೆಯಲ್ಲಿ ಇಳಿದ ನೀರನ್ನು ಚೆಲ್ಲದಿದ್ದರೆ ವಾಸನೆ ಉಳಿಯುತ್ತದೆ. 600 ಗ್ರಾಂ ಮೀನಿಗೆ ಜೋರು ಹಬೆಯಲ್ಲಿ 8–9 ನಿಮಿಷ ಸಾಕು. ಆ ನೀರು ಚೆಲ್ಲಿ, ಶುಂಠಿ ಮತ್ತು ಈರುಳ್ಳಿ ಸೊಪ್ಪಿನ ಎಳೆ ಹರಡಿ, ಹೊಗೆಯಾಡುವ ಎಣ್ಣೆ ಮೂರು ಚಮಚ ಸುರಿದು, ಕೊನೆಗೆ ಸೋಯಾ ಸಾಸ್ ಹಾಕಬೇಕು.

ಉತ್ತರ ಚೀನಾ ಗೋಧಿಯ ನಾಡು. ಅಲ್ಲಿ ಆ ರಾತ್ರಿಯ ಊಟವೆಂದರೆ ಹೂರಣ ತುಂಬಿ ಮಡಿಸಿ ಬೇಯಿಸುವ ಕಡುಬು, ಜಿಯಾವ್‌ಝಿ. ರಾತ್ರಿ 11ರಿಂದ 1ರವರೆಗಿನ ಜಾವಕ್ಕೆ ‘ಝಿ’ ಎಂದು ಹೆಸರು, ‘ಜಿಯಾವ್’ ಎಂದರೆ ಕೂಡುವುದು. ಹಳೆಯ ವರ್ಷ ಹೊಸದನ್ನು ಮುಟ್ಟುವ ಗಳಿಗೆ. ಆಕಾರ ಹಳೆಯ ಕಾಲದ ಬೆಳ್ಳಿ ಗಟ್ಟಿಯದು. ಹೂರಣಕ್ಕೂ ಮಾತಿದೆ: ಚೀನೀ ಎಲೆಕೋಸು ‘ಬಾಯ್‌ತ್ಸಾಯ್’, ಕಿವಿಗೆ ‘ನೂರು ಸಂಪತ್ತು’, ಸೆಲರಿಯ ‘ಚಿನ್’ ದುಡಿಮೆಯನ್ನು ನೆನಪಿಸುತ್ತದೆ.

300 ಗ್ರಾಂ ಮೈದಾಕ್ಕೆ 150–160 ಮಿ.ಲೀ. ತಣ್ಣೀರು ಹಾಕಿ ಗಟ್ಟಿಯಾಗಿ ನಾದಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. 12 ಗ್ರಾಂನ ಉಂಡೆ ಮಾಡಿದರೆ 38ರಷ್ಟು ಬರುತ್ತವೆ. ಲಟ್ಟಿಸುವಾಗ ನಡು ದಪ್ಪ, ಅಂಚು ತೆಳು ಇರಲಿ. ಮಡಿಸಿದಾಗ ಅಂಚು ಎರಡು ಪದರವಾಗುತ್ತದೆ, ದಪ್ಪವಿದ್ದರೆ ಅಲ್ಲಿ ಹಸಿ ಉಳಿಯುತ್ತದೆ. ಹೂರಣಕ್ಕೆ 300 ಗ್ರಾಂ ಎಲೆಕೋಸನ್ನು ಸಣ್ಣಗೆ ಹೆಚ್ಚಿ, ಒಂದು ಚಮಚ ಉಪ್ಪು ಬೆರೆಸಿ, 15 ನಿಮಿಷದ ನಂತರ ಬಟ್ಟೆಯಲ್ಲಿ ಕಟ್ಟಿ ಹಿಂಡಿ. ಜಿಯಾವ್‌ಝಿ ಒಡೆಯುವುದಕ್ಕೆ ಮುಖ್ಯ ಕಾರಣ ಈ ಹಿಂಡುವಿಕೆಯಲ್ಲಿನ ಸೋಮಾರಿತನ: ಕೋಸಿನ ನೀರು ಕಣಕವನ್ನು ನೆನೆಸಿ ತೂತು ಮಾಡುತ್ತದೆ. 250 ಗ್ರಾಂ ಹಂದಿಮಾಂಸದ ಖೀಮಾಕ್ಕೆ ಸೋಯಾ ಸಾಸ್, ಶುಂಠಿ, ಹುರಿದ ಎಳ್ಳಿನ ಎಣ್ಣೆ ಸೇರಿಸಿ, ಒಂದೇ ದಿಕ್ಕಿಗೆ ತಿರುಗಿಸಿ ಅಂಟಾದ ಮೇಲಷ್ಟೇ ಕೋಸು ಬೆರೆಸಿ. ಅಂಚಿಗೆ ಎಣ್ಣೆ ತಾಗಿದರೆ ಅದು ಎಷ್ಟು ಒತ್ತಿದರೂ ಕೂಡಿಕೊಳ್ಳದು.

ಕುದಿಯುವ ನೀರಿಗೆ ಬಿಟ್ಟ ತಕ್ಷಣ ಸೌಟಿನ ಬೆನ್ನಿನಿಂದ ಮೆಲ್ಲಗೆ ಸರಿಸಿ, ತಳ ಹಿಡಿಯದಂತೆ. ಮತ್ತೆ ಕುದಿ ಬಂದಾಗಲೆಲ್ಲ ಒಂದು ಲೋಟ ತಣ್ಣೀರು, ಒಟ್ಟು ಮೂರು ಸಲ. ಕುದಿಯ ರಭಸ ತಗ್ಗಿ ಕಣಕ ಉಳಿಯುತ್ತದೆ, ಒಳಗಿನ ಮಾಂಸಕ್ಕೆ ಬೇಯಲು ಸಮಯ ಸಿಗುತ್ತದೆ. ಆದರೂ ಒಂದೆರಡು ಒಡೆದರೆ ಹಬ್ಬದ ದಿನ ‘ಒಡೆಯಿತು’ ಅನ್ನುವುದಿಲ್ಲ, ‘ಝಂಗ್ ಲ’ ಅನ್ನುತ್ತಾರೆ: ‘ಗಳಿಸಿತು’ ಎಂದರ್ಥ. ಇಡೀ ಹಬ್ಬದಲ್ಲಿ ನನಗೆ ಅತಿ ಪ್ರಿಯವಾದ ಮಾತು ಇದು.

ದಕ್ಷಿಣದಲ್ಲಿ ಅಕ್ಕಿ ಹಿಟ್ಟಿನ ಅಂಟು ಕೇಕು, ನಿಯಾನ್‌ಗಾವ್. ‘ವರ್ಷದಿಂದ ವರ್ಷಕ್ಕೆ ಎತ್ತರ’ ಎಂಬುದಕ್ಕೂ ಅದೇ ಉಚ್ಚಾರ. ಕ್ಯಾಂಟನ್ ಕಡೆಯ ಸಿಹಿ ನಿಯಾನ್‌ಗಾವ್ ಅನ್ನು ಹಬೆಯಿಂದಿಳಿಸಿದ ದಿನವೇ ಕತ್ತರಿಸಲು ಹೋದರೆ ಚಾಕುವಿಗೆ ಮೆತ್ತಿಕೊಳ್ಳುತ್ತದೆ. ಒಂದು ದಿನ ಬಿಟ್ಟು ಹೋಳು ಮಾಡಿ, ಮೊಟ್ಟೆಯಲ್ಲಿ ಅದ್ದಿ ಕಡಿಮೆ ಎಣ್ಣೆಯಲ್ಲಿ ಕರಿಯಬೇಕು.

ಮೊದಲ ತಿಂಗಳ ಹದಿನೈದನೇ ದಿನ, ಹುಣ್ಣಿಮೆಗೆ, ಥಾಂಗ್ಯುವಾನ್. ಉರುಟು ಉಂಡೆ; ಹೆಸರು ‘ಥುವಾನ್‌ಯುವಾನ್’ಗೆ ಹತ್ತಿರ, ಅಂದರೆ ಮನೆಯವರೆಲ್ಲ ಒಟ್ಟಾಗುವುದು. ಇದಕ್ಕೆ ನಮ್ಮ ಕಡುಬಿನ ಅಕ್ಕಿ ಹಿಟ್ಟು ಆಗದು, ಅಂಟಕ್ಕಿಯ ಹಿಟ್ಟೇ ಬೇಕು. ಅದರಲ್ಲಿ ಗೋಧಿಯ ಜಿಗುಟು (ಗ್ಲುಟೆನ್) ಇಲ್ಲ, ಹಾಗಾಗಿ ಬರೀ ತಣ್ಣೀರಲ್ಲಿ ಕಲಸಿದರೆ ಉಂಡೆ ಬಿರಿಯುತ್ತದೆ. 200 ಗ್ರಾಂ ಹಿಟ್ಟು ಕಲಸಿ, ನಿಂಬೆ ಗಾತ್ರದ ತುಂಡೊಂದನ್ನು ತೇಲುವವರೆಗೆ ಬೇಯಿಸಿ, ಉಳಿದ ಹಿಟ್ಟಿಗೆ ಸೇರಿಸಿ ನಾದಿ. ಆ ಬೆಂದ ತುಂಡಿನ ಅಂಟೇ ಉಂಡೆಯನ್ನು ಹಿಡಿದಿಡುತ್ತದೆ. ಕರಿ ಎಳ್ಳು, ಸಕ್ಕರೆ, ಕೊಬ್ಬಿನ ಹೂರಣವನ್ನು ಫ್ರಿಜ್ಜಿನಲ್ಲಿ ಗಟ್ಟಿ ಮಾಡಿಕೊಂಡೇ ತುಂಬಿ. ಬಡಿಸುವಾಗ ಬೆಂದ ನೀರನ್ನೂ ಬಟ್ಟಲಿಗೆ ಹಾಕಿ, ಇಲ್ಲದಿದ್ದರೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮಕ್ಕಳಿಗೆ ಸಣ್ಣ ತುಂಡು ಮಾಡಿ, ಆರಿಸಿಯೇ ಕೊಡಿ: ಒಳಗಿನ ಹೂರಣ ಹೊರಗಿಗಿಂತ ಬಹಳ ಹೊತ್ತು ಸುಡುತ್ತಿರುತ್ತದೆ.