ಚಳಿ ಎಷ್ಟಿರುತ್ತದೆ ಅಂತ ಸಂಜೆಯೇ ಗೊತ್ತಾಗುತ್ತದೆ

ನವೆಂಬರ್ ಬಂದರೆ ಸಾಕು, "ಈ ಸಲ ಮೈ ಕೊರೆಯುವ ಚಳಿ" ಅನ್ನುವ ಸುದ್ದಿಗಳು ಶುರು. ನಾನು ಓದುವುದೇ ಬಿಟ್ಟಿದ್ದೇನೆ. ಅವುಗಳಲ್ಲಿ ಲಾ ನಿನಾ ಹೆಸರು ಇದ್ದೇ ಇರುತ್ತದೆ. ಪೆಸಿಫಿಕ್ ಸಾಗರದಲ್ಲಿ ಸಮಭಾಜಕದ ಸುತ್ತಮುತ್ತ ನೀರು ಮಾಮೂಲಿಗಿಂತ ತಣ್ಣಗಾದರೆ ಲಾ ನಿನಾ. ಆಗ ಕೆಲವು ಕಡೆ ಚಳಿ ಹೆಚ್ಚುವ ಸಾಧ್ಯತೆ ಇದೆ, ಕೆಲವು ಕಡೆ ಕಡಿಮೆಯಾಗುವ ಸಾಧ್ಯತೆ ಇದೆ. ಸಾಧ್ಯತೆ ಅಷ್ಟೇ, ಗ್ಯಾರಂಟಿ ಅಲ್ಲ. ಇಂಥ ದಿನ ಇಷ್ಟು ಡಿಗ್ರಿ ಅಂತ ಎರಡು ವಾರದಾಚೆಗೆ ಯಾರೂ ಹೇಳಲಾರರು. ಯುರೋಪಿನ ಹವಾಮಾನ ಕೇಂದ್ರದವರು ಆರಂಭದ ಲೆಕ್ಕವನ್ನು ಚೂರುಚೂರು ಬದಲಿಸಿ ಒಂದೇ ಮುನ್ಸೂಚನೆಯನ್ನು 50 ಸಲ ಓಡಿಸುತ್ತಾರೆ. ಮೊದಲ ಕೆಲವು ದಿನ ಆ 50 ಮುನ್ಸೂಚನೆಗಳ ಗೆರೆಗಳೂ ಒಟ್ಟೊಟ್ಟಿಗೆ ಹೋಗುತ್ತವೆ. ಆಮೇಲೆ ದಿಕ್ಕಿಗೊಂದು.

ನಾನು ನೋಡುವುದು ನಾಳೆ ಬೆಳಗ್ಗೆ ಹೇಗಿರುತ್ತದೆ ಅಂತ ಮಾತ್ರ. ಅದಕ್ಕೆ ಹವಾಮಾನದ ಆ್ಯಪ್‌ನಲ್ಲಿ ಯಾರೂ ಕಣ್ಣು ಹಾಯಿಸದ ಒಂದು ಸಾಲಿದೆ, ಡ್ಯೂ ಪಾಯಿಂಟ್. ಗಾಳಿ ಎಷ್ಟು ಡಿಗ್ರಿಗೆ ಇಳಿದರೆ ಇಬ್ಬನಿ ಕಟ್ಟುತ್ತದೆ ಅನ್ನುವ ಲೆಕ್ಕ ಅದು. ಸಂಜೆ 20 ಡಿಗ್ರಿ ಇದೆ, ಡ್ಯೂ ಪಾಯಿಂಟ್ 16 ಅಂದುಕೊಳ್ಳಿ. ರಾತ್ರಿ ಗಾಳಿ ತಣ್ಣಗಾಗುತ್ತಾ 16ರ ಹತ್ತಿರ ಬಂದಾಗ ಅದರಲ್ಲಿದ್ದ ಆವಿ ಹನಿಯಾಗುತ್ತದೆ. ಆವಿ ನೀರಾಗುವಾಗ ಶಾಖ ಬಿಡುತ್ತದೆ, ಅದೂ ಕಡಿಮೆಯೇನಲ್ಲ. ಅಲ್ಲಿಂದ ಕೆಳಗೆ ಇಳಿಯುವುದು ಬಲು ನಿಧಾನ. ಬೆಳಗ್ಗೆ ಮಂಜು ಮುಸುಕಿರಬಹುದು, ಆದರೆ ಹಲ್ಲು ಕಟಕಟ ಅನ್ನುವುದಿಲ್ಲ. ಅದೇ 20 ಡಿಗ್ರಿಯ ಸಂಜೆ ಡ್ಯೂ ಪಾಯಿಂಟ್ 5 ಇದ್ದರೆ ತಡೆಯುವವರೇ ಇಲ್ಲ. ಒಣ ಗಾಳಿ ಸುಮ್ನೆ ಇಳಿಯುತ್ತಲೇ ಹೋಗುತ್ತದೆ.

ಜೊತೆಗೆ ಇನ್ನೆರಡು ನೋಡಬೇಕು. ಮೋಡ ಇದೆಯಾ, ಗಾಳಿ ಬೀಸುತ್ತಿದೆಯಾ. ನೆಲ ಹಗಲೆಲ್ಲ ಹೀರಿದ ಶಾಖವನ್ನು ರಾತ್ರಿ ಆಕಾಶಕ್ಕೆ ಬಿಡುತ್ತದೆ. ಮೋಡ ಕಂಬಳಿಯ ಹಾಗೆ ಅದರಲ್ಲಿ ಒಂದಿಷ್ಟನ್ನು ಕೆಳಗೇ ಉಳಿಸುತ್ತದೆ. ಗಾಳಿ ಬೀಸಿದರೆ ಮೇಲಿನ ಬೆಚ್ಚನೆಯ ಗಾಳಿ ಕೆಳಗಿನದರ ಜೊತೆ ಬೆರೆಯುತ್ತದೆ. ಹಾಗಾಗಿ ನಕ್ಷತ್ರ ತುಂಬಿದ, ಎಲೆ ಅಲುಗಾಡದ ರಾತ್ರಿಯೇ ಅಪಾಯ. ಅಂಥ ಸಂಜೆ ಹೊಗೆ ನೋಡಿ. ನೆಟ್ಟಗೆ ಸ್ವಲ್ಪ ಏರಿ, ಆಮೇಲೆ ಚಾಪೆ ಹಾಸಿದಂತೆ ಅಡ್ಡಡ್ಡ ಹರಡುತ್ತದೆ. ಅಲ್ಲಿಂದ ಮೇಲೆ ಗಾಳಿ ಬೆಚ್ಚಗಿದೆ, ಕೆಳಗೆ ತಣ್ಣಗಿದೆ ಎಂದರ್ಥ.

ಆ್ಯಪ್ 4 ಡಿಗ್ರಿ ತೋರಿಸುತ್ತಿದ್ದರೂ ಹುಲ್ಲಿನ ಮೇಲೆ ಬಿಳಿ ಹಿಮ ಹೇಗೆ ಅಂತ ಕೇಳುವವರಿದ್ದಾರೆ. ಹವಾಮಾನದವರು ಅಳೆಯುವುದು ನೆಲದಿಂದ ಒಂದೂಕಾಲರಿಂದ ಎರಡು ಮೀಟರ್ ಎತ್ತರದಲ್ಲಿ, ನೆರಳಿನ ಪೆಟ್ಟಿಗೆಯೊಳಗೆ. ಹುಲ್ಲು ಅದಕ್ಕಿಂತ ಎಷ್ಟೋ ಡಿಗ್ರಿ ತಣ್ಣಗಿರುತ್ತದೆ. ತಣ್ಣನೆಯ ಗಾಳಿ ಭಾರ, ತಗ್ಗಿಗೆ ಇಳಿದು ನಿಲ್ಲುತ್ತದೆ. ಎತ್ತರದ ಮನೆಗಿಂತ ಕೆಳಗಿನ ಹಳ್ಳದ ಬದಿಯ ಮನೆಗೆ ಚಳಿ ಜಾಸ್ತಿ ಆಗುವುದು ಇದಕ್ಕೇ.

ಇನ್ನೊಂದು ವಿಷಯ. ಅತಿ ಚಳಿ ನಡುರಾತ್ರಿಯಲ್ಲ, ಸೂರ್ಯ ಹುಟ್ಟುವ ಹೊತ್ತಿಗೆ, ಒಮ್ಮೊಮ್ಮೆ ಹುಟ್ಟಿದ ಸ್ವಲ್ಪ ಹೊತ್ತಿನ ಮೇಲೆ. ಎಳೆ ಬಿಸಿಲು ಕೊಡುವುದಕ್ಕಿಂತ ನೆಲ ಕಳೆದುಕೊಳ್ಳುವುದೇ ಆಗ ಹೆಚ್ಚು. ವರ್ಷದ ಲೆಕ್ಕವೂ ಹೀಗೇ. ಭೂಮಿಯ ಉತ್ತರ ಭಾಗದಲ್ಲಿ ಡಿಸೆಂಬರ್ 21 ಅಥವಾ 22ಕ್ಕೆ ಹಗಲು ಅತಿ ಚಿಕ್ಕದು, ಆದರೆ ಚಳಿ ಜೋರಾಗುವುದು ಸಾಮಾನ್ಯವಾಗಿ ಅದಾದ ಕೆಲವು ವಾರಗಳ ಮೇಲೆ. ತಮಾಷೆ ಅಂದರೆ ಜನವರಿ ಮೊದಲ ವಾರದಲ್ಲೇ ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುತ್ತದೆ! ಚಳಿಗೆ ಕಾರಣ ದೂರ ಅಲ್ಲ, ಭೂಮಿಯ ವಾಲಿಕೆ.

ಇವತ್ತು ಸಂಜೆ ಡ್ಯೂ ಪಾಯಿಂಟ್ 3. ಮೋಡ ಇಲ್ಲ, ಗಾಳಿಯೂ ಇಲ್ಲ. ಹೊರಗಿರುವ ಹೂಕುಂಡಗಳನ್ನು ಗೋಡೆ ಪಕ್ಕಕ್ಕೆ ಎಳೆದಿಟ್ಟು ಹಳೆ ಬೆಡ್‌ಶೀಟ್ ಹೊದಿಸಬೇಕು. ಕತ್ತಲಾಗುವ ಮುಂಚೆ ಮುಗಿಸಿದರೆ ಒಳ್ಳೆಯದು.