52 ಹರ್ಟ್ಸ್ ಕೊನೆಗೂ ಹಿಡಿತಕ್ಕೆ ಬಂತು: ಮುಲುಂಡ್ ಕೋಣೆಯ ಬಾಸ್ ಟ್ರ್ಯಾಪ್

ಮುಂಬಯಿಯ ಮುಲುಂಡ್‌ನಲ್ಲಿ ರೆಕಾರ್ಡಿಂಗ್ ಮಿಕ್ಸ್ ಮಾಡುವ ಕೋಣೆಯಲ್ಲಿ 52 ಹರ್ಟ್ಸ್‌ನ (ಸೆಕೆಂಡಿಗೆ 52 ಅದುರಿನ) ತಗ್ಗು ದನಿ ಮೊರೆಯುತ್ತಿತ್ತು. ಅದನ್ನು ಹೀರಲು ಕಟ್ಟಿದ ಬಾಸ್ ಟ್ರ್ಯಾಪ್, ಅಂದರೆ ತೆಳು ಮುಖ ಅದುರಿ ದನಿ ಹೀರುವ ಮುಚ್ಚಿದ ಪ್ಯಾನೆಲ್ ಬಾಕ್ಸ್, ಕೊನೆಗೂ 52 ಹರ್ಟ್ಸ್‌ಗೆ ಬಂದು ಕೂತಿದೆ. ಮುಖಕ್ಕೆ 4 ಮಿ.ಮೀ. ಪ್ಲೈವುಡ್, ಅದರ ಒಳಬದಿಗೆ ಅಂಟಿಸಿದ ಭಾರದ ವಿನೈಲ್ ಹಾಳೆ, 200 ಮಿ.ಮೀ. ಆಳದ ಪೆಟ್ಟಿಗೆ, ಮುಖದ ನಟ್ಟನಡುವೆ 300 ಗ್ರಾಂ ಹೆಚ್ಚುವರಿ ತೂಕ. ಉತ್ತರ ಇಷ್ಟೇ. ಆದರೆ ಇಲ್ಲಿಗೆ ಬರುವಷ್ಟರಲ್ಲಿ ಮೂರು ಕಡೆ ಲೆಕ್ಕ ಕೈಕೊಟ್ಟಿತು. ಇದೇ ಕೆಲಸಕ್ಕೆ ಕೈ ಹಾಕಿದವರಿಗೆ ಆ ಮೂರೂ ಬೇಕಾಗುತ್ತವೆ. ಮೂಲೆಗಳಿಗೆ ರಾಕ್‌ವೂಲ್ (ಕಲ್ಲಿನ ಉಣ್ಣೆ) ತುಂಬಿದ್ದು, ಮೊದಲ ಪ್ರತಿಫಲನದ ಪ್ಯಾನೆಲ್ ತೂಗುಹಾಕಿದ್ದು, ಸ್ಪೀಕರ್ ಕೂರಿಸಿದ್ದು ಎಲ್ಲ ಎಂದಿನಂತೆಯೇ ಆಗಿದೆ. ಅದನ್ನು ಮತ್ತೆ ಹೇಳುವುದಿಲ್ಲ.

ಕೋಣೆ ಮುಂಬಯಿಯ ಯಾವುದೇ ಫ್ಲಾಟ್‌ನ ಬೆಡ್‌ರೂಮಿನ ಅಳತೆಯದು: ಉದ್ದ 3.35 ಮೀಟರ್, ಅಗಲ 3.05, ಎತ್ತರ 2.8. ಸುತ್ತ ಗಟ್ಟಿ ಇಟ್ಟಿಗೆ, ಮೇಲೆ ಕೆಳಗೆ ಕಾಂಕ್ರೀಟು. ಎಸಿ 24 ಡಿಗ್ರಿಯಲ್ಲಿದ್ದಾಗ ಶಬ್ದದ ವೇಗ ಸೆಕೆಂಡಿಗೆ ಸುಮಾರು 346 ಮೀಟರ್. ಅದನ್ನು ಅಳತೆಯ ಎರಡರಷ್ಟರಿಂದ ಭಾಗಿಸಿದರೆ ಉದ್ದಕ್ಕೆ 51.6, ಅಗಲಕ್ಕೆ 56.7, ಎತ್ತರಕ್ಕೆ 61.8 ಹರ್ಟ್ಸ್. ಇವು ಕೋಣೆಯ ಮೋಡ್‌ಗಳು, ಎದುರುಬದುರು ಗೋಡೆಗಳ ನಡುವೆ ಅಲೆ ಪುಟಿದು ಉಬ್ಬುವ ಆವರ್ತನಗಳು. ಮೂರೂ ಸುಮಾರು ಹತ್ತು ಹರ್ಟ್ಸ್ ಅಂತರದಲ್ಲೇ ಗುಂಪುಗೂಡಿವೆ. ಸರಿಸುಮಾರು ಚೌಕವಾದ ಕೋಣೆಯ ಶಾಪವೇ ಇದು. ಎಸಿ ಆರಿಸಿ ಕೋಣೆ 32 ಡಿಗ್ರಿಗೆ ಬಂದರೆ ಉದ್ದದ ಮೋಡ್ 52.3ಕ್ಕೆ ಏರುತ್ತದೆ. ಹಾಗಾಗಿ ಅಳೆಯುವಾಗಲೂ ಮಿಕ್ಸ್ ಮಾಡುವಾಗಲೂ ಎಸಿ ಒಂದೇ ಡಿಗ್ರಿಯಲ್ಲಿರಲಿ.

ಈ ಮೂರರಲ್ಲಿ ಕುರ್ಚಿಯಲ್ಲಿ ಕೂತವರನ್ನು ಕಾಡುವುದು ಉದ್ದದ ಮೋಡ್. ಅಗಲದ ನಡುವೆ ಕೂರುವುದರಿಂದ ಅಗಲದ ಮೊದಲ ಮೋಡ್‌ನ ಒತ್ತಡ ಅಲ್ಲಿ ಸೊನ್ನೆ. ಎತ್ತರದ್ದೂ ಕಿವಿಯ ಮಟ್ಟದಲ್ಲಿ ತೀರಾ ಕಡಿಮೆ. ಉಳಿದ 52 ಮಾತ್ರ ಬಾರಿಸಿದ ಮೇಲೂ ಮೊರೆಯುತ್ತಲೇ ಇರುತ್ತದೆ. ಟ್ರ್ಯಾಪ್ ಹಾಕುವ ಮೊದಲು ಅದು 60 ಡಿಬಿ (ಡೆಸಿಬೆಲ್) ಇಳಿಯಲು 0.9 ಸೆಕೆಂಡ್ ಬೇಕಿತ್ತು.

ಇದು ಹೊಟ್ಟೆಪಾಡಿನ ಪ್ರಶ್ನೆ ಕೂಡ. ಮಳೆಗಾಲದಲ್ಲಿ ಊರಿನ ಮೇಳಗಳು ಮುಂಬಯಿಗೆ ಬರುತ್ತವೆ, ಯಕ್ಷಗಾನದ ರೆಕಾರ್ಡಿಂಗ್‌ಗಳು ಸಾಲುಗಟ್ಟುತ್ತವೆ. ಮರದ ವೇದಿಕೆಯ ಮೇಲೆ ವೇಷಧಾರಿ ಹೆಜ್ಜೆ ಕುಟ್ಟಿದಾಗಿನ ಗುದ್ದು ಸರಿಯಾಗಿ 40ರಿಂದ 60 ಹರ್ಟ್ಸ್ ನಡುವೆ ಬೀಳುತ್ತದೆ. ಕೋಣೆ ಅದನ್ನು ಉಬ್ಬಿಸಿ ಕೇಳಿಸುತ್ತದೆ, ಎಂಜಿನಿಯರ್ ಬೇಕಾದ್ದಕ್ಕಿಂತ ಹೆಚ್ಚು ಕತ್ತರಿಸುತ್ತಾನೆ, ಮದ್ದಳೆಯ ಮೈಯೂ ಅದರ ಜೊತೆಗೇ ಹೋಗುತ್ತದೆ. ಮರುದಿನ ಸಂಘಟಕರ ಫೋನು: "ಕಾರಲ್ಲಿ ಕೇಳಿದೆ ಮಾರ್ರೆ, ಚೆಂಡೆ ಮಾತ್ರ ಕೇಳ್ತದೆ." ಸ್ವತಂತ್ರವಾಗಿ ಕೆಲಸ ಮಾಡುವವರಿಗೆ ಇಂಥ ಪ್ರತಿ ಫೋನೂ ಕಾಸು ಬಾರದ ಇನ್ನೊಂದು ರಾತ್ರಿ. ಹೊಸ ಪ್ಲಗಿನ್, ಹೊಸ ಪ್ರೀಆಂಪ್ ಯಾವುದೂ ಇದನ್ನು ತಪ್ಪಿಸುವುದಿಲ್ಲ. ಕೈಯಲ್ಲಿ ಸ್ವಲ್ಪ ಹಣವಿದ್ದರೆ ಮೊದಲು ಕೋಣೆಗೇ ಹಾಕಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ರಾಕ್‌ವೂಲ್ ಇಷ್ಟು ಕೆಳಗೆ ಕೆಲಸ ಮಾಡುವುದಿಲ್ಲ. 52 ಹರ್ಟ್ಸ್‌ನ ಅಲೆಯ ಉದ್ದ 6.6 ಮೀಟರ್, ಗೋಡೆಗೆ ಒತ್ತಿದ 100 ಮಿ.ಮೀ. ಉಣ್ಣೆ ಅದಕ್ಕೆ ಲೆಕ್ಕಕ್ಕೇ ಇಲ್ಲ. ಅದಕ್ಕೇ ಒತ್ತಡಕ್ಕೆ ಅದುರುವ ಪ್ಯಾನೆಲ್ ಬಾಕ್ಸ್. ಸೂತ್ರ ಎಲ್ಲರಿಗೂ ಗೊತ್ತಿದ್ದದ್ದೇ: ಚದರ ಮೀಟರಿಗೆ ಇಷ್ಟು ಕೆ.ಜಿ. ಎಂಬ ಮುಖದ ತೂಕವನ್ನು ಮೀಟರಿನಲ್ಲಿ ಆಳದಿಂದ ಗುಣಿಸಿ, ವರ್ಗಮೂಲ ತೆಗೆದು, ಅದರಿಂದ 60ನ್ನು ಭಾಗಿಸುವುದು. ಒಳಗೆ ಪೂರ್ತಿ ಉಣ್ಣೆ ತುಂಬಿದ್ದರೆ 60ರ ಬದಲು 50.

ಮೊದಲ ಬಾಕ್ಸ್‌ಗೆ 9 ಮಿ.ಮೀ. ಪ್ಲೈ. ಚದರ ಮೀಟರಿಗೆ ಸುಮಾರು 5.85 ಕೆ.ಜಿ., ಆಳ 200 ಮಿ.ಮೀ.; ಸೂತ್ರದ ಪ್ರಕಾರ 55 ಹರ್ಟ್ಸ್. ಬೆರಳ ಗೆಣ್ಣಿನಿಂದ ತಟ್ಟಿ ಅಳೆದಾಗ ಬಂದದ್ದು 88! ಕಾರಣ ಸೂತ್ರದಲ್ಲೇ ಅಡಗಿದೆ. ಅದು ಮುಖವನ್ನು ಬಟ್ಟೆಯ ಹಾಗೆ ಜೋಲುವ ತೂಕ ಎಂದು ಭಾವಿಸುತ್ತದೆ, ಹಿಂದಿನ ಗಾಳಿ ಮಾತ್ರ ಸ್ಪ್ರಿಂಗ್ ಎಂದು ಲೆಕ್ಕ ಹಾಕುತ್ತದೆ. 600 × 1200 ಮಿ.ಮೀ. ಅಳತೆಯಲ್ಲಿ ಸುತ್ತಲೂ ಬಿಗಿದ 9 ಮಿ.ಮೀ. ಪ್ಲೈ ತಾನೇ ಒಂದು ಗಟ್ಟಿ ಸ್ಪ್ರಿಂಗ್. ಎರಡೂ ಸ್ಪ್ರಿಂಗ್ ಸೇರಿ ಆವರ್ತನ ಮೇಲೇರುತ್ತದೆ. ಬಿಗಿತ ದಪ್ಪದ ಘನದಷ್ಟು ಬೆಳೆಯುತ್ತದೆ, ತೂಕ ದಪ್ಪದಷ್ಟೇ. ಅಂದರೆ 9ರಿಂದ 4 ಮಿ.ಮೀ.ಗೆ ಇಳಿದರೆ ಬಿಗಿತ ಹನ್ನೊಂದು ಪಟ್ಟು ಕಡಿಮೆಯಾಗುತ್ತದೆ. ಕಳೆದುಕೊಂಡ ತೂಕವನ್ನು ಬಿಗಿತವೇ ಇಲ್ಲದ ವಿನೈಲ್‌ನಿಂದ ತುಂಬಿಕೊಳ್ಳಬಹುದು.

ತಟ್ಟಿ ಅಳೆಯುವ ಕ್ರಮ ಹೀಗೆ. ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗುವ, ಅದುರನ್ನು ವಿದ್ಯುತ್ತಾಗಿಸುವ 27 ಮಿ.ಮೀ. ಪೀಜೊ ಬಿಲ್ಲೆಯನ್ನು ಡಬಲ್ ಟೇಪ್‌ನಿಂದ ಮುಖದ ನಡುವಿನಿಂದ ಒಂದು ಗೇಣು ಆಚೆ ಅಂಟಿಸಿ. ಬಾಕ್ಸ್ ಹಾಸಿಗೆಯ ಮೇಲೆ ಅಂಗಾತ ಇರಲಿ. ಪೀಜೊ ವೈರು, ಕಂಪ್ಯೂಟರಿಗೆ ದನಿ ಒಯ್ಯುವ ಆಡಿಯೊ ಇಂಟರ್‌ಫೇಸ್‌ನ ಗಿಟಾರ್ ಇನ್‌ಪುಟ್‌ಗೇ ಹೋಗಬೇಕು. 20 ನ್ಯಾನೊಫ್ಯಾರಡ್‌ನ ಬಿಲ್ಲೆಯನ್ನು 10 ಕಿಲೊ ಓಮ್ ಲೈನ್ ಇನ್‌ಪುಟ್‌ಗೆ ಕೊಟ್ಟರೆ 800 ಹರ್ಟ್ಸ್‌ಗಿಂತ ಕೆಳಗಿನದೆಲ್ಲ ಇಳಿದುಹೋಗುತ್ತದೆ. ಗಿಟಾರ್ ಇನ್‌ಪುಟ್‌ನಂತೆ 1 ಮೆಗಾ ಓಮ್ ಇದ್ದರೆ 8 ಹರ್ಟ್ಸ್‌ವರೆಗೂ ಸಿಗುತ್ತದೆ. ನಡುವೆ ಮೆತ್ತಗೆ ತಟ್ಟಿ ರೆಕಾರ್ಡ್ ಮಾಡಿಕೊಂಡು ಸ್ಪೆಕ್ಟ್ರಮ್ (ಯಾವ ಆವರ್ತನದಲ್ಲಿ ಎಷ್ಟು ದನಿ ಎಂಬ ನಕ್ಷೆ) ನೋಡಿ, ಅದರ ಲೆಕ್ಕದ (ಎಫ್‌ಎಫ್‌ಟಿ) ಉದ್ದ 65536 ಸ್ಯಾಂಪಲ್. ಅಲ್ಲಿ ಕಾಣುವ ಮೊದಲ ಗುಡ್ಡವೇ ಬಾಕ್ಸ್‌ನ ಶ್ರುತಿ.

ಎರಡನೇ ಬಾಕ್ಸ್, 4 ಮಿ.ಮೀ. ಪ್ಲೈ ಮತ್ತು ವಿನೈಲ್. ತಟ್ಟಿದರೆ ಗುಡ್ಡವೇ ಇಲ್ಲ, ಅಗಲವಾದ ದಿಬ್ಬ ಮಾತ್ರ. ಗಾಳಿ ಸೋರುತ್ತಿತ್ತು. ಸುತಾರರು (ಬಡಗಿಗಳು) ಮೂಲೆಗಳಿಗೆ ಗನ್‌ನಿಂದ ಮೊಳೆ ಹೊಡೆದಿದ್ದರು, ಫೆವಿಕಾಲ್ ಹಾಕಿರಲಿಲ್ಲ. ಸೋರುವ ಪೆಟ್ಟಿಗೆಯಲ್ಲಿ ಗಾಳಿ ಸ್ಪ್ರಿಂಗ್ ಆಗಿ ನಿಲ್ಲುವುದಿಲ್ಲ, ಕೂದಲೆಳೆಯ ಬಿರುಕು ಸಾಕು. ಪರೀಕ್ಷೆ ಸುಲಭ: ಅಂಗೈಯನ್ನು ಮುಖದ ನಡುವೆ ಇಟ್ಟು ನಿಧಾನ ಒತ್ತಿ. ಗಾಳಿ ಬಿಗಿಯಾಗಿದ್ದರೆ ಕೈಗೆ ಮೆತ್ತನೆಯ ಎದುರೊತ್ತು ಸಿಗುತ್ತದೆ. ಸೋರಿಕೆಯಿದ್ದರೆ ಮೂಲೆಯ ಹತ್ತಿರ ಹಿಡಿದ ಊದುಬತ್ತಿಯ ಹೊಗೆ ಒತ್ತಿದಾಗೆಲ್ಲ ಓಲಾಡುತ್ತದೆ. ಮುಖ ಬಿಚ್ಚಿ, ಒಳಗಿನ ಎಲ್ಲ ಸಂದಿಗೂ ಸಿಲಿಕೋನ್ ಎಳೆದು, 24 ಗಂಟೆ ಒಣಗಲು ಬಿಟ್ಟು, ಮತ್ತೆ ಮುಚ್ಚುವಾಗ ಚೌಕಟ್ಟಿನ ಅಂಚಿಗೂ ಸಿಲಿಕೋನ್ ಕೊಟ್ಟ ಮೇಲೆ ಗುಡ್ಡ ಕಾಣಿಸಿತು. 58 ಹರ್ಟ್ಸ್‌ನಲ್ಲಿ.

ಈಗ ವಿನೈಲ್ ಮಾರಿದವರ ವಿಷಯ. ಚದರ ಮೀಟರಿಗೆ 5 ಕೆ.ಜಿ. ಎಂದು ಬಿಲ್ಲಿನಲ್ಲಿ ಬರೆದು ಕೊಟ್ಟ ಹಾಳೆ. 30 × 30 ಸೆಂ.ಮೀ. ತುಂಡು ಕತ್ತರಿಸಿ ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟರೆ 450 ಗ್ರಾಂ ಬರಬೇಕು, ಬಂದದ್ದು 370. ಅಂದರೆ 4.1 ಕೆ.ಜಿ. ಕೇಳಿದರೆ "ಎಲ್ಲರೂ ಇದನ್ನೇ ಒಯ್ತಾರೆ" ಎಂಬ ಉತ್ತರ. ಗೋಡೆಗೆ ಸೌಂಡ್‌ಪ್ರೂಫಿಂಗ್ ಮಾಡುವವರಿಗೆ ಈ ವ್ಯತ್ಯಾಸ ಗೊತ್ತಾಗದೆ ಹೋಗಬಹುದು. ಟ್ಯೂನ್ ಮಾಡಿದ ಬಾಕ್ಸ್‌ನಲ್ಲಿ ಅದು ಸುಮಾರು ಮೂರೂವರೆ ಹರ್ಟ್ಸ್. 0.9 ಸೆಕೆಂಡ್ ಮೊರೆಯುವ ಮೋಡ್‌ನ ಅಗಲವೇ ಸುಮಾರು 2.4 ಹರ್ಟ್ಸ್ ಇರುವಾಗ, 58ರಲ್ಲಿ ಕೂತ ಬಾಕ್ಸ್ 52ನ್ನು ಮುಟ್ಟುವುದೂ ಇಲ್ಲ. ಹಾಳೆ ಕೊಳ್ಳುವಾಗ ತಕ್ಕಡಿ ಜೊತೆಗಿರಲಿ. ಪ್ಲೈ ಮಾರುವವರದ್ದೂ ಇದೇ ಕಥೆ. ವಾಟರ್‌ಪ್ರೂಫ್ ಎಂದು ಹೇಳಿ, ತೇವ ಮಾತ್ರ ತಾಳುವ ಎಂಆರ್ ದರ್ಜೆ (ಐಎಸ್ 303 ಮಾನದಂಡದ್ದು) ಕಳಿಸುತ್ತಾರೆ. ಹಾಳೆಯ ಮೇಲೆ ಐಎಸ್ 710 (ಮರೀನ್ ಪ್ಲೈ) ಮುದ್ರೆ ಇದೆಯೇ ನೋಡಿಯೇ ಟೆಂಪೋದಿಂದ ಇಳಿಸಿಕೊಳ್ಳಿ. ಜುಲೈ ತಿಂಗಳ ಮುಂಬಯಿಯಲ್ಲಿ ಸೀಲರ್ ಬಳಿಯದ ಪ್ಲೈ ತೇವ ಕುಡಿದು ತೂಗುತ್ತದೆ, ಡೊಂಕಾಗುತ್ತದೆ, ಸಿಲಿಕೋನ್ ಅಂಚು ಬಿಡಿಸಿಕೊಳ್ಳುತ್ತದೆ. ಎರಡೂ ಮುಖಕ್ಕೆ, ಮುಖ್ಯವಾಗಿ ಕತ್ತರಿಸಿದ ಅಂಚಿಗೆ, ಎರಡು ಕೋಟ್ ಪಿಯು (ಪಾಲಿಯುರಿಥೇನ್) ಸೀಲರ್ ಬೇಕೇ ಬೇಕು.

58ನ್ನು 52ಕ್ಕೆ ಇಳಿಸಲು ಮುಖದ ತೂಕ ಚದರ ಮೀಟರಿಗೆ 6.7ರಿಂದ 8.3ಕ್ಕೆ ಏರಬೇಕು. ಇಡೀ ಮುಖಕ್ಕೆ ಹರಡಿದರೆ ಸುಮಾರು 1.2 ಕೆ.ಜಿ. ಹಾಗೆ ಹರಡುವ ಅಗತ್ಯವಿಲ್ಲ. ಅತಿ ಹೆಚ್ಚು ಅದುರುವುದು ನಡುಭಾಗ, ಅಂಚು ಅಲುಗುವುದೇ ಇಲ್ಲ. ನಡುವೆ ಇಟ್ಟ ತೂಕ ಹರಡಿದ ತೂಕದ ಸರಿಸುಮಾರು ನಾಲ್ಕು ಪಟ್ಟು ಕೆಲಸ ಮಾಡುತ್ತದೆ. ಮೃದಂಗದ ಎಡಮುಖದ ನಡುವೆ ರವೆಯ ಕಣಕ ಮೆತ್ತಿ ಶ್ರುತಿ ಇಳಿಸುವ ಹಾಗೆಯೇ. ಉಳಿದ ವಿನೈಲ್‌ನ ಅಂಗೈಯಗಲದ ತುಂಡುಗಳನ್ನು ಮುಖದ ಹೊರಗೆ ಒಂದರ ಮೇಲೊಂದು ಅಂಟಿಸುತ್ತ, ಪ್ರತಿ ತುಂಡಿಗೂ ತಟ್ಟಿ ನೋಡುತ್ತ ಹೋದರೆ 57, 55, 54, ಹಾಗೇ ಇಳಿಯುತ್ತದೆ. 300 ಗ್ರಾಂ ಹತ್ತಿರ 52. ಮೇಲೆ ಬಟ್ಟೆ ಎಳೆದರೆ ಕಾಣುವುದಿಲ್ಲ. ಒಳಗೆ ಹಿಂಬದಿಗೆ 48 ಕೆ.ಜಿ. ಸಾಂದ್ರತೆಯ 50 ಮಿ.ಮೀ. ರಾಕ್‌ವೂಲ್ ಮೊದಲೇ ಇರಬೇಕು, ಅದು ಮುಖಕ್ಕೆ ತಾಗಬಾರದು; ತಾಗಿದರೆ ಮುಖದ ಅದುರುವಿಕೆಯೇ ಸಾಯುತ್ತದೆ.

ಕಟಿಂಗ್ ಲೆಕ್ಕ ಇಷ್ಟು: 8 × 4 ಅಡಿಯ ಒಂದು 18 ಮಿ.ಮೀ. ಹಾಳೆಯಿಂದ 200 ಮಿ.ಮೀ. ಅಗಲದ ಆರು ಪಟ್ಟಿ, ಅದು ನಾಲ್ಕು ಬಾಕ್ಸ್‌ನ ಚೌಕಟ್ಟಿಗೆ ಸರಿಯಾಗಿ ಸಾಕು. ಬೆನ್ನಿಗೆ ಒಂದು 12 ಮಿ.ಮೀ. ಹಾಳೆ, ಮುಖಕ್ಕೆ ಒಂದು 4 ಮಿ.ಮೀ. ಗೋಡೆಯನ್ನೇ ಬೆನ್ನಾಗಿ ಬಳಸುವ ಆಸೆ ಬೇಡ, ಪ್ಲಾಸ್ಟರಿನ ಅಂಕುಡೊಂಕಿಗೆ ಸೀಲ್ ನಿಲ್ಲುವುದಿಲ್ಲ. ಉದ್ದದ ಮೋಡ್‌ನ ಒತ್ತಡ ತುದಿಗೋಡೆಗಳಲ್ಲಿ ಗರಿಷ್ಠ, ಆದ್ದರಿಂದ ಮೂರು ಬಾಕ್ಸ್ ಹಿಂಗೋಡೆಗೆ, ಒಂದು ಸ್ಪೀಕರ್‌ಗಳ ನಡುವೆ ಮುಂಗೋಡೆಗೆ. ಪಕ್ಕದ ಗೋಡೆಯ ನಡುವೆ ಇಟ್ಟರೆ ಏನೂ ಆಗುವುದಿಲ್ಲ.

ಕೋಣೆ ಅಳೆಯಲು ಆರ್‌ಇಡಬ್ಲ್ಯು ಎಂಬ ತಂತ್ರಾಂಶದಲ್ಲಿ 48 ಕಿಲೊಹರ್ಟ್ಸ್‌ಗೆ ಉದ್ದನೆಯ ಸ್ವೀಪ್ (ತಗ್ಗಿನಿಂದ ಮೇಲಕ್ಕೆ ಏರುವ ಪರೀಕ್ಷೆಯ ದನಿ), ಸುಮಾರು 22 ಸೆಕೆಂಡಿನದು. ಸ್ವೀಪ್ ಇಮ್ಮಡಿಸಿದಷ್ಟೂ 3 ಡಿಬಿ ಗದ್ದಲ ಕಡಿಮೆ. ಕೊನೆಯ ಲೋಕಲ್ ಹೋದ ಮೇಲೆ, ಬೆಳಗಿನ ಮೊದಲನೆಯದು ಬರುವ ಮೊದಲು ಅಳೆದರೆ ಕೆಳಗಿನ ಭಾಗ ಶುದ್ಧವಾಗಿ ಸಿಗುತ್ತದೆ. ನಾಲ್ಕು ಬಾಕ್ಸ್ ಸೇರಿ 52ರ ಮೊರೆತ 0.9ರಿಂದ 0.45 ಸೆಕೆಂಡಿಗೆ ಇಳಿದಿದೆ, ಗುಡ್ಡ 5 ಡಿಬಿ ತಗ್ಗಿದೆ. ಅಗಲದ ಮೋಡ್‌ನಿಂದಾದ 57ರ ಗುಳಿ ಹಾಗೇ ಇದೆ. ಅಗಲದ ನಡುವೆ ಕೂರುವವರೆಗೂ ಅದು ಇರುತ್ತದೆ, ಈಕ್ಯು (ಆವರ್ತನ ಏರಿಳಿಸುವ ನಿಯಂತ್ರಣ) ಏರಿಸಿ ತುಂಬಲು ಹೋಗಬಾರದು.

ಕೆಲಸದಲ್ಲಿ ಆದ ಬದಲಾವಣೆ ನೇರವಾದದ್ದು. ಎರಡು ತಿದ್ದುಪಡಿ ದರದೊಳಗೆ, ಮೂರನೆಯದಕ್ಕೆ ಬೇರೆ ಹಣ ಎಂದು ಒಪ್ಪಂದದಲ್ಲಿ ಬರೆಯಲು ಈಗ ಧೈರ್ಯವಿದೆ. ಹೈಪಾಸ್ (ತಗ್ಗು ಆವರ್ತನ ಕತ್ತರಿಸುವ ಫಿಲ್ಟರ್) ಎಲ್ಲಿ ನಿಲ್ಲಬೇಕು ಎಂದು ಕಿವಿಯಿಂದಲೇ ಗೊತ್ತಾಗುತ್ತದೆ. ಹೆಜ್ಜೆಯ ಗುದ್ದು ಬಂದು ಹೋಗುತ್ತದೆ, ಮದ್ದಳೆ ಉಳಿಯುತ್ತದೆ.

ಜೊತೆಗೆ ಇನ್ನೊಂದು ಕೇಳಿಸತೊಡಗಿದೆ: ಕರೆಂಟಿನ 50 ಹರ್ಟ್ಸ್‌ನ ಹಮ್ (ಗುಂಯ್‌ಗುಟ್ಟುವ ದನಿ). ಇಷ್ಟು ದಿನ ಕೋಣೆಯ 52ರ ಮೊರೆತದಲ್ಲಿ ಬೆರೆತು ಹೋಗಿದ್ದದ್ದು ಈಗ ಬೇರೆಯಾಗಿ, ಒಂದೇ ಸಮನೆ ನಿಂತಿದೆ. ಸಭಾಂಗಣದ ಮಿಕ್ಸರ್‌ನಿಂದ ನಮ್ಮ ರೆಕಾರ್ಡರ್‌ಗೆ ಲೈನ್ ತೆಗೆದುಕೊಂಡಾಗ, ಎರಡೂ ಬೇರೆ ಬೇರೆ ಪ್ಲಗ್ ಪಾಯಿಂಟ್‌ಗಳ ಅರ್ಥ್‌ಗೆ ಸೇರಿರುವುದರಿಂದ ಬರುವ ಲೂಪ್ ಅದು. ಮುಂದಿನ ಪ್ರಾಜೆಕ್ಟ್ ಅದಕ್ಕೇ: ಎಂಟು ಚಾನೆಲ್‌ನ ಐಸೊಲೇಶನ್ ಬಾಕ್ಸ್. ಪ್ರತಿ ಚಾನೆಲ್‌ಗೆ 600 ಓಮ್‌ನ 1:1 ಆಡಿಯೊ ಟ್ರಾನ್ಸ್‌ಫಾರ್ಮರ್, ಒಳಗೂ ಹೊರಗೂ ಎಕ್ಸ್‌ಎಲ್‌ಆರ್ ಕನೆಕ್ಟರ್, ಹೊರಹೋಗುವ ಬದಿಯ ಪಿನ್ 1 (ಕೇಬಲ್ಲಿನ ಶೀಲ್ಡ್ ಸೇರುವ ಪಿನ್) ಬಿಡಿಸಲು ಒಂದು ಸ್ವಿಚ್, ಕಬ್ಬಿಣದ ಡಬ್ಬಿ. ಟ್ರಾನ್ಸ್‌ಫಾರ್ಮರ್ ದಾಟಿ ಫ್ಯಾಂಟಮ್ ಪವರ್ (ಕೇಬಲ್ಲಿನಲ್ಲೇ ಮೈಕ್‌ಗೆ ಹೋಗುವ ವಿದ್ಯುತ್) ಹೋಗುವುದಿಲ್ಲ, ಹಾಗಾಗಿ ಇದು ಲೈನ್‌ಗೆ ಮಾತ್ರ, ಕಂಡೆನ್ಸರ್ ಮೈಕ್‌ಗೆ ಅಲ್ಲ. ಅಲ್ಲಿಯವರೆಗೆ ಹಮ್ ಹೋಗಲೆಂದು ಪ್ಲಗ್‌ನ ಅರ್ಥ್ ಪಿನ್ ಮುರಿಯುವ ಕೆಲಸ ಯಾರೂ ಮಾಡಬೇಡಿ. ಮಳೆಗಾಲದ ಒದ್ದೆ ವೇದಿಕೆಯಲ್ಲಿ ಭಾಗವತರ ಕೈಗೆ ಮೈಕಿನ ಕಬ್ಬಿಣ ತಾಗುತ್ತಿರುತ್ತದೆ. ಟ್ರಾನ್ಸ್‌ಫಾರ್ಮರ್‌ಗಳ ಎರಡು ಸ್ಯಾಂಪಲ್ ಬಂದಿವೆ. ಪ್ಲಸ್ 4 ಡಿಬಿಯು (ವೃತ್ತಿಪರ ಸಾಧನಗಳ ಲೈನ್) ಮಟ್ಟದಲ್ಲಿ 30 ಹರ್ಟ್ಸ್‌ಗೆ ಯಾವುದು ಮೊದಲು ಸ್ಯಾಚುರೇಟ್ ಆಗಿ ದನಿ ಕೆಡಿಸುತ್ತದೆ ಎಂದು ಅಳೆದು, ಗೆದ್ದದ್ದನ್ನು ಎಂಟು ತರಿಸುವುದು.