ಮಲ್ಪೆಯ ಮರಳು, ಒಂದು ಕೋಶ

ಸಂಜೆ ಮಲ್ಪೆಯಲ್ಲಿ ಬರಿಗಾಲಲ್ಲಿ ನಡೆದೆ. ಒಣ ಮರಳಲ್ಲಿ ಕಾಲು ಹೂತು ಹೋಗ್ತದೆ, ನೀರಂಚಿನ ಒದ್ದೆ ಮರಳು ಗಟ್ಟಿ. ನಡಿಗೆಯೇ ಬೇರೆ ಆಗ್ತದೆ. ತಲೆಯಲ್ಲಿ ಮಾತ್ರ ಮಧ್ಯಾಹ್ನ ಓದಿದ 2006ರ ಪ್ರಯೋಗ.

ಒಂದೇ ಬಗೆಯ ಕಾಂಡಕೋಶಗಳು, ಅಂದರೆ ಬೇರೆ ಬೇರೆ ಕೋಶಗಳಾಗಿ ಬೆಳೆಯಬಲ್ಲವು, ಅದೇ ಪೋಷಕ ದ್ರವ. ಬದಲಿಸಿದ್ದು ಅಡಿಯ ಜೆಲ್‌ನ ಗಡಸುತನವನ್ನು. ಮಿದುಳಿನಷ್ಟು ಮೆತ್ತಗಿದ್ದಲ್ಲಿ, ಅಂದರೆ ಗಡಸುತನದ ಅಳತೆಯಲ್ಲಿ 1 ಕಿಲೋಪ್ಯಾಸ್ಕಲ್ ಒಳಗೆ, ಅವು ನರಕೋಶದಂತೆ ಕವಲೊಡೆದವು. 10ರ ಆಸುಪಾಸಿನಲ್ಲಿ ಸ್ನಾಯುವಿನ ಕಡೆಗೆ, 30ರ ಸುತ್ತ ಮೂಳೆಯ ಕಡೆಗೆ ಹೊರಳಿದವು. ಕೋಶ ತನ್ನೊಳಗಿನ ಮಯೋಸಿನ್ ಎಂಬ ಎಳೆಯುವ ಪ್ರೋಟೀನ್‌ನಿಂದ ನೆಲವನ್ನು ಎಳೆದು ನೋಡ್ತದೆ! ಆ ಎಳೆತ ತಡೆದರೆ ಗಡಸು ಮೆದುವಿನ ಗುರುತೇ ಅದಕ್ಕೆ ಸಿಗುವುದಿಲ್ಲ. ಕೋಶದ ಹಾದಿ ತಿರುಗಿಸುವುದು ರಾಸಾಯನಿಕ ಸಂದೇಶಗಳು ಅಂತಷ್ಟೇ ಕಾಲೇಜಲ್ಲಿ ನಾನು ಓದಿದ್ದೆ.

ಕತ್ತಲಾಗುವವರೆಗೆ ಅಲೆಯಂಚಲ್ಲೇ ನಿಂತಿದ್ದೆ, ಪಾದದಡಿಯ ಮರಳು ಜಾರುತ್ತಿತ್ತು.